ಗುರ್ ಗುರ್ ಟಕ್

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ.

ಇದು ಮೊದಲನೇ ಸುದ್ದಿ. ಎರಡನೆಯದು ಇದಕ್ಕಿಂತ ದೊಡ್ಡದು. ಆ ಮೊಮ್ಮಗಳು ನಿನ್ನೆ ನಿದ್ದೆ ಮಾಡಿದಳು.

ಎರಡನೆಯದು ಹೇಗೆ ದೊಡ್ಡದು ಅಂತ ಕೇಳುತ್ತೀರಾ? ಹಾಗಾದರೆ ನಿಮ್ಮ ಮನೆಯಲ್ಲಿ ಹಸುಗೂಸು ಅತ್ತು ಬಹಳ ಕಾಲವಾಗಿದೆ. ನನಗೂ ಮರೆತೇ ಹೋಗಿತ್ತು. ಎತ್ತಿಕೊಂಡರೆ ಒಂದು ತೆಂಗಿನಕಾಯಿಯ ಭಾರವಿದ್ದಂತೆ, ಬಾಯಿ ತೆರೆದರೆ ಅರಸೀಕೆರೆ ಸ್ಟೇಷನ್ನಿಗೆ ಗಾಡಿ ಬಂದಂತೆ. ಮೂಗು ನನ್ನದೇ. (ನಮ್ಮ ಯಜಮಾನರು ತಮ್ಮದು ಅನ್ನುತ್ತಾರೆ. ಅವರ ಕನ್ನಡಕದ ನಂಬರು ಬದಲಾಗಬೇಕಾಗಿದೆ.) ನೋಡುತ್ತಾ ಕೂತರೆ ಸಂತೋಷಕ್ಕೆ ಕಣ್ಣು ತುಂಬುತ್ತದೆ. ತುಂಬಿದ ಕಣ್ಣು ಹಾಗೇ ಮುಚ್ಚಿಕೊಳ್ಳುತ್ತದೆ. ಅಷ್ಟು ಸುಸ್ತು.

ಮಗಳು ಲತಾ ಬೇಲೂರಿನಲ್ಲಿ ಗಂಡನ ಜೊತೆ ದೋಸೆ ಹಿಟ್ಟಿನ ಅಂಗಡಿ ನಡೆಸುತ್ತಾಳೆ. ಹೆರಿಗೆಯಾದ ಮೇಲೆ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು. ಬಿಟ್ಟುಹೋಗಲು ಬಂದಿದ್ದ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಗಂಡಸಿ ಊರಿನವರು. ಹೊಸ್ತಿಲು ದಾಟುವ ಮೊದಲೇ ಹೇಳಿದರು:

"ಬಾಣಂತಿ ಮನೆ ಕಣ್ರೀ. ಒಂದು ಚಮಚ ಬಿದ್ದ ಸದ್ದೂ ಆಗ್ಬಾರ್ದು. ನಿಮ್ ಮನೇಲಿ ಒಂದೊಂದು ಮಿಷನ್ನೂ ಒಂದೊಂದು ಥರ ಕಿರುಚ್ತಾವಂತೆ?"

ಸುಳ್ಳಲ್ಲ. ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆದರೂ ಸ್ಕ್ರೂ ಡ್ರೈವರ್ ನನ್ನ ಕೈ ಬಿಟ್ಟಿಲ್ಲ. ಮನೆಗೆ ಬಂದ ಯಾವ ಮಿಷನ್ನನ್ನಾದರೂ ಬಿಚ್ಚಿ ನೋಡದಿದ್ದರೆ ನನಗೆ ಊಟ ಸೇರುವುದಿಲ್ಲ. ಹಾಗಾಗಿ ಯಾವುದು ಯಾಕೆ ಕಿರುಚುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನೀರಿನ ಟ್ಯಾಂಕು ತುಂಬಿದರೆ ಒಂದು ಡಬ್ಬಿ ಹೆಂಗಸಿನ ದನಿಯಲ್ಲಿ ಮೋಟಾರ್ ಆಫ್ ಮಾಡಿ ಅನ್ನುತ್ತದೆ. ವಾಷಿಂಗ್ ಮಿಷನ್ ಒಗೆದು ಮುಗಿಸಿದ ಖುಷಿಗೆ ಹಾಡುತ್ತದೆ. ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಮೊಸರು ಹುಡುಕುತ್ತಾ ನಿಂತರೆ ಗದರಿಸುತ್ತದೆ. ಕರೆಂಟು ಹೋದರೆ ಯುಪಿಎಸ್ ಕೂಗುತ್ತದೆ. ಕಾಲಿಂಗ್ ಬೆಲ್ಲಿನಲ್ಲಿ ಯಾವುದೋ ಹಕ್ಕಿ ಇದೆ. ಮನುಷ್ಯರು ಬಾಯಿ ಮುಚ್ಚಿಕೊಂಡಿದ್ದರೂ ಈಗಿನ ಮನೆಗಳು ಸುಮ್ಮನಿರುತ್ತವೆಯೇ?

ಸರಿ, ಒಂದೊಂದರ ಬಾಯಿಯನ್ನೂ ಮುಚ್ಚಿಸಲು ಹೊರಟೆ. ಟ್ಯಾಂಕಿನ ಡಬ್ಬಿಯ ವೈರು ಕಿತ್ತೆ. ಹಕ್ಕಿಯ ಸೆಲ್ಲು ತೆಗೆದೆ. ಯುಪಿಎಸ್ ಬಿಚ್ಚಿ ಕೂಗುವ ಜಾಗಕ್ಕೆ ಟೇಪು ಸುತ್ತಿದೆ. ಯಜಮಾನರು ಸ್ಕೂಟರನ್ನು ಬೀದಿಯ ತಿರುವಿನಲ್ಲೇ ಆಫ್ ಮಾಡಿ ತಳ್ಳಿಕೊಂಡು ಬರಬೇಕೆಂದು ಕಾನೂನು ಮಾಡಿದೆ.

"ಲೇ ಜಯಾ, ನಾನೂ ಕೆಮ್ಮೋ ಹಂಗಿಲ್ವೇನೇ?" ಅಂದರು.

"ಹೊರಗೆ ಹೋಗಿ ಕೆಮ್ಮಿ" ಅಂದೆ.

ಮನೆ ಸ್ತಬ್ಧ. ಮಗು ಮಲಗಬೇಕಲ್ಲ? ಮಲಗಲಿಲ್ಲ. ಆ ನಿಶ್ಶಬ್ದದಲ್ಲಿ ಅದರ ಅಳು ಇನ್ನೂ ಜೋರಾಗಿ ಕೇಳಿಸಿತು, ಅಷ್ಟೇ. ಹೊಟ್ಟೆ ನೋವೇ, ಹಸಿವೇ? ಡಾಕ್ಟರಿಗೆ ತೋರಿಸಿದೆವು. ಮಗು ಚೆನ್ನಾಗಿದೆ, ತೂಕ ಸರಿಯಾಗಿದೆ ಅಂದರು. ಎತ್ತಿಕೊಂಡು ಓಡಾಡಿದೆವು. ದೃಷ್ಟಿ ತೆಗೆದೆವು. ಲತಾ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ಹತ್ತಿ ಇಟ್ಟರೆ ತಾಯಿಗೆ ಮಗುವಿನ ಅಳು ಕೇಳದಿರುತ್ತದೆಯೇ? ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ನಿಂತೇಹೋಯಿತು. ಒಬ್ಬರು ಎತ್ತಿಕೊಂಡರೆ ಒಬ್ಬರು ಉಣ್ಣುವುದು. ಲತಾಳ ಸರದಿ ಬರುವ ಹೊತ್ತಿಗೆ ಅನ್ನ ತಣ್ಣಗಾಗಿರುತ್ತಿತ್ತು.

ಒಂದು ಮಧ್ಯಾಹ್ನ ತುತ್ತು ಕೈಯಲ್ಲಿ ಹಿಡಿದುಕೊಂಡೇ ಅತ್ತಳು. "ಅಮ್ಮ, ನಂಗೆ ಮಗೂನ ನೋಡಿದ್ರೆ ಪ್ರೀತಿ ಬರೋದು ಬಿಟ್ಟು ಭಯ ಆಗ್ತೈತೆ ಕಣಮ್ಮ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಬಿಚ್ಚಿ ನೋಡಲು ಇದೇನು ಮಿಕ್ಸಿಯೇ?

ಇದರ ನಡುವೆ ಬಾಯಿ ಮುಚ್ಚಿಸಿದ ಮಿಷನ್ನುಗಳು ಸೇಡು ತೀರಿಸಿಕೊಂಡವು. ಟ್ಯಾಂಕು ತುಂಬಿ ಹರಿದು ತಾರಸಿಯ ಮೇಲೆ ಒಣಗಲು ಹಾಕಿದ್ದ ಹಪ್ಪಳ ಮತ್ತೆ ಹಿಟ್ಟಾಯಿತು. ಯುಪಿಎಸ್ ಒಂದು ಮಾತೂ ಹೇಳದೆ ಪ್ರಾಣ ಬಿಟ್ಟಿತು. ಮಗುವನ್ನು ನೋಡಲು ನಿನ್ನೆ ಬೆಳಗ್ಗೆ ಮತ್ತೆ ಬಂದ ಬೀಗಿತ್ತಿ ಬಿಸಿಲಿನಲ್ಲಿ ಗೇಟಿನ ಹೊರಗೆ ನಿಂತು ಬೆಲ್ಲು ಒತ್ತಿದ್ದೇ ಒತ್ತಿದ್ದು. ನಾನು ಫೋನನ್ನೂ ಸೈಲೆಂಟಿಗೆ ಹಾಕಿದ್ದೆ.

"ಏನ್ರೀ, ಬೀಗರು ಬಂದ್ರೆ ಬಾಗ್ಲು ತೆಗಿಯಲ್ವಾ ನಿಮ್ ಮನೇಲಿ?"

"ನೀವೇ ತಾನೇ ಚಮಚದ ಸದ್ದೂ ಆಗ್ಬಾರ್ದು ಅಂದಿದ್ದು?"

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ನೀರು ಕೇಳಿದರು.

ಅಷ್ಟರಲ್ಲಿ ಅಳಿಯ ಮಹೇಶ ಗೂಡ್ಸ್ ಆಟೋದಲ್ಲಿ ಬಂದ. ಹಿಂದೆ ಅವರ ಅಂಗಡಿಯ ದೊಡ್ಡ ಗ್ರೈಂಡರು. ಬಸುರಿಯಾಗಿದ್ದಷ್ಟು ದಿನವೂ ಲತಾ ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಹಿಟ್ಟು ಪ್ಯಾಕ್ ಮಾಡಿದ್ದಾಳೆ.

"ಅತ್ತೆ, ಹೆಂಗೂ ಅಂಗಡಿ ಮುಚ್ಚೈತೆ. ಇದೊಂಚೂರು ನೋಡ್ತೀರಾ? ವಿಪರೀತ ಸದ್ದು ಮಾಡ್ತದೆ."

ನನಗೆ ನಿಲ್ಲಲೂ ತ್ರಾಣವಿರಲಿಲ್ಲ. ಆದರೂ ಕೆಟ್ಟ ಮಿಷನ್ನು ಕಂಡರೆ ಕೈ ಸುಮ್ಮನಿರಬೇಕಲ್ಲ? ಬಾಣಂತಿ ಕೋಣೆಯ ಹಿಂದುಗಡೆ, ಪಾತ್ರೆ ತೊಳೆಯುವ ಜಾಗದಲ್ಲಿ ಇಳಿಸಿಕೊಂಡೆವು. ಒಂದೇ ಗಳಿಗೆ ನೋಡಿ ಆಫ್ ಮಾಡೋಣ ಅಂತ ಸ್ವಿಚ್ ಹಾಕಿದೆ.

ಗುರ್ ಗುರ್ ಟಕ್. ಗುರ್ ಗುರ್ ಟಕ್.

ನೆಲವೇ ನಡುಗಿತು. ನೋಡಿದರೆ ಬೆಲ್ಟಿನ ಅಂಚು ಸೀಳಿ, ಪ್ರತಿ ಸುತ್ತಿಗೂ ಮುಚ್ಚಳಕ್ಕೆ ಬಡಿಯುತ್ತಿತ್ತು. ಇಷ್ಟೇನಾ ಅಂತ ಆಫ್ ಮಾಡಿ, ಮಹೇಶ ತಂದಿದ್ದ ಹೊಸ ಬೆಲ್ಟು ಹಾಕಿದೆ. ಅಲ್ಲಲ್ಲಿ ಎಣ್ಣೆ ಬಿಟ್ಟೆ. ಮತ್ತೆ ಸ್ವಿಚ್ ಹಾಕಿದರೆ ಗ್ರೈಂಡರು ಹೊಸ ಸೊಸೆಯ ಹಾಗೆ ಸದ್ದಿಲ್ಲದೆ ತಿರುಗಿತು. ಇಷ್ಟು ಚೆನ್ನಾಗಿ ನಾನು ಯಾವುದನ್ನೂ ರಿಪೇರಿ ಮಾಡಿರಲಿಲ್ಲ.

ಒಳಗಿನಿಂದ ಲತಾ ಓಡಿಬಂದಳು. ಬಾಣಂತಿ ಓಡಬಾರದು ಅನ್ನುವುದೂ ಅವಳಿಗೆ ನೆನಪಿರಲಿಲ್ಲ.

"ಅಮ್ಮ, ಯಾಕ್ ನಿಲ್ಸಿದೆ?"

"ನಿಲ್ಸಿಲ್ಲ ಕಣೇ, ಓಡ್ತಾ ಐತೆ. ಸರಿ ಮಾಡ್ದೆ."

"ಯಾರು ಸರಿ ಮಾಡು ಅಂದೋರು? ಆ ಸದ್ದಿಗೆ ಮಗು ಸುಮ್ನಾಗಿತ್ತು. ಕಣ್ಣು ಮುಚ್ಕೊಂಡಿತ್ತು. ಈಗ ನೋಡು, ಮತ್ತೆ ಶುರು."

ಹೌದು, ಒಳಗೆ ಅಳು ಶುರುವಾಗಿತ್ತು. ಲತಾಳೇ ನಿಧಾನವಾಗಿ ಹೇಳಿದಳು. "ಹೊಟ್ಟೇಲಿದ್ದಾಗ ದಿನಾ ಕೇಳಿದ್ದು ಇದೇ ಸದ್ದು ಕಣಮ್ಮ. ಅವಳಿಗೆ ಮನೆ ಅಂದ್ರೆ ಇದೇ."

ಆಮೇಲೆ ನಾನು ಮಾಡಿದ ಕೆಲಸವನ್ನು ಯಾವ ಮೆಕ್ಯಾನಿಕ್ಕೂ ಮಾಡಿರಲಾರ. ಹೊಸ ಬೆಲ್ಟು ಬಿಚ್ಚಿದೆ, ಸೀಳಿದ ಹಳೆಯ ಬೆಲ್ಟನ್ನೇ ಮತ್ತೆ ಹಾಕಿದೆ. ಸರಿಯಿದ್ದುದನ್ನು ಕೈಯಾರೆ ಕೆಡಿಸಿದೆ. ಸರಿಯಾಗಿ ಕೆಟ್ಟಿದೆಯೋ ಇಲ್ಲವೋ ಅಂತ ಇನ್ನೊಮ್ಮೆ ನೋಡಿ ಸ್ವಿಚ್ ಹಾಕಿದೆ.

ಗುರ್ ಗುರ್ ಟಕ್.

ಅಳು ಸಣ್ಣದಾಯಿತು. ಬಿಕ್ಕಳಿಕೆಯಾಯಿತು. ನಿಂತಿತು. ಹೋಗಿ ನೋಡಿದರೆ ನನ್ನ ಮೂಗಿನ ಹುಡುಗಿ ಮುಷ್ಟಿ ಬಿಚ್ಚಿಕೊಂಡು ಮಲಗಿದ್ದಾಳೆ. ಅವಳ ಪಕ್ಕದಲ್ಲಿ ಲತಾಳೂ ಮಲಗಿದಳು, ಒಂದು ಕೈ ಮಗುವಿನ ಹೊಟ್ಟೆಯ ಮೇಲೆ.

ಮಹೇಶ ಬುದ್ಧಿವಂತ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮಗುವಿನ ಹತ್ತಿರ ಹಿಡಿದ. ಗ್ರೈಂಡರು ನಿಲ್ಲಿಸಿ ನೋಡಿದೆವು. ಮಗು ಒಂದು ಕಣ್ಣು ತೆರೆದು ಅಳಲು ಶುರುಮಾಡಿತು. ನೆಲದ ನಡುಕ ಫೋನಿನಲ್ಲಿ ಬರುತ್ತದೆಯೇ? ಹುಟ್ಟಾ ದೋಸೆ ಹಿಟ್ಟಿನ ಅಂಗಡಿಯವಳು, ಡೂಪ್ಲಿಕೇಟ್ ಮಾಲು ಅವಳಿಗೆ ಗೊತ್ತಾಗುವುದಿಲ್ಲವೇ?

"ನಡೀಲಿ ಬಿಡ್ರೀ ಆ ಮಿಷನ್ನು," ಅಂದರು ಬೀಗಿತ್ತಿ. ಚಮಚದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಯಜಮಾನರು, ಮಹೇಶ, ಬೀಗಿತ್ತಿ, ನಾನು, ನಡುವೆ ಲತಾ. ಅವಳಿಗೆ ಹಬೆಯಾಡುವ ಅನ್ನ, ಮೆಣಸಿನ ಸಾರು, ಮೇಲೆ ತುಪ್ಪ. ಉಳಿದವರಿಗೆ ಮುದ್ದೆ. ಹಿಂದೆ ನೆಲ ನಡುಗುತ್ತಿತ್ತು, ಲೋಟದ ನೀರೂ ನಡುಗುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ. ಲತಾ ಬಿಸಿ ಅನ್ನಕ್ಕೆ ಬಾಯಿ ಸುಟ್ಟುಕೊಂಡು ನಕ್ಕಳು. ಯಜಮಾನರು ಮನಸ್ಸು ತುಂಬ ಕೆಮ್ಮಿದರು.

ಹೊಸ ಬೆಲ್ಟು ಮೊಳೆಯಲ್ಲಿ ನೇತಾಡುತ್ತಿದೆ. ತೊಂದರೆ ಒಂದೇ. ಗ್ರೈಂಡರನ್ನು ಖಾಲಿ ಓಡಿಸಿದರೆ ಕಲ್ಲು ಸವೆಯುತ್ತದೆ, ಆದ್ದರಿಂದ ಅವಳು ಮಲಗಿದಾಗಲೆಲ್ಲ ಅಕ್ಕಿ, ಉದ್ದು ಹಾಕುತ್ತಲೇ ಇರಬೇಕು. ನಮ್ಮ ಬೀದಿಯವರೆಲ್ಲ ಈಗಾಗಲೇ ಸಾಕು ಅನ್ನುತ್ತಿದ್ದಾರೆ.

ನಿಮ್ಮ ಮನೆಗೆ ಎಷ್ಟು ಪಾತ್ರೆ ದೋಸೆ ಹಿಟ್ಟು ಕಳಿಸಲಿ?