ಶಂಕ್ರಪ್ಪ ಕಾಕಾನ ಮೀಂಡ್

ಹೋದ ಮಂಗಳವಾರ ನಮ್ಮವ್ವ ನನ್ನ ಮೌತ್ ಆರ್ಗನ್‌ಗೆ ಸ್ನಾನ ಮಾಡಿಸಿದಳು.

ತಮಾಷೆಯಲ್ಲ. ಬಚ್ಚಲಿಗೆ ಒಯ್ದು, ಬೂದಿ ಹಚ್ಚಿ ತಿಕ್ಕಿ, ಬಕೆಟ್ ನೀರಿನಲ್ಲಿ ಅದ್ದಿಟ್ಟಿದ್ದಳು. ನಾನು ಶಾಲೆ ಮುಗಿಸಿ ಬಂದು ನೋಡುವ ಹೊತ್ತಿಗೆ ಒಂದು ತಾಸಾಗಿತ್ತು. ಒಳಗೆ ಕಟ್ಟಿಗೆ ಇರುವ ವಾದ್ಯ ಅದು! ಯಾರಾದರೂ ತಬಲಾ ತೊಳೆಯುತ್ತಾರೆಯೇ?

"ಅವ್ವಾ, ಏನ್ ಮಾಡಿದಿ ಇದನ್ನ?" ಎಂದು ಕೂಗಿದೆ.

"ನಿನ್ನ ಎಂಜಲಾ ಶಂಕ್ರಪ್ಪ ಕಾಕಾನ ಬಾಯಿಗೆ ಕೊಡ್ಲೇನು? ಲಿಂಗಪೂಜಿ ಆಗೂತನಕ ಹನಿ ನೀರು ಮುಟ್ಟೂದಿಲ್ಲ ಅವರು!"

ಶಂಕ್ರಪ್ಪ ಕಾಕಾ ನಮ್ಮ ಬಾಜೂ ಮನೆಯವರು. ನಮ್ಮೂರು ಗುಡಗೇರಿಯಲ್ಲೇ ಕಾಳಿನ ವ್ಯಾಪಾರ. ಊರ ಭಜನಿ ಮೇಳದಲ್ಲಿ ಪೇಟಿ ಬಾರಿಸುತ್ತಾರೆ (ಪೇಟಿ ಅಂದರೆ ಹಾರ್ಮೋನಿಯಂ, ಬೆಂಗಳೂರು ಕಡೆಯ ಓದುಗರಿಗೆ ಹೇಳಿದೆ). ಅವರಿಗೇಕೆ ಬೇಕಾಯಿತು ನನ್ನ ಮೌತ್ ಆರ್ಗನ್?

ತಪ್ಪು ನನ್ನದೇ. ವರ್ಷದಿಂದ ನನಗೆ ರಾಕ್ ಸಂಗೀತದ ಹುಚ್ಚು. ಟ್ರಾನ್ಸಿಸ್ಟರ್‌ನಲ್ಲಿ ವಾರಕ್ಕೊಮ್ಮೆ ಆ ಹಾಡುಗಳು ಬರುತ್ತವೆ. ಗಿಟಾರು, ಡ್ರಮ್ಮಿನ ಗದ್ದಲದ ನಡುವೆ ಮೌತ್ ಆರ್ಗನ್ ಥೇಟ್ ಮನುಷ್ಯರ ಹಾಗೆ ಅಳುತ್ತದೆ. ನಾನು ಊದಿದರೆ ಬರೀ ಪೀಂ ಪೀಂ. ಊದಿ ಊದಿ ಗಲ್ಲ ನೋಯಿತೇ ಹೊರತು ಆ ಅಳು ಬರಲಿಲ್ಲ. (ಅವ್ವನಿಗೆ ಬಂದಿದ್ದರೆ ಗೊತ್ತಿಲ್ಲ.)

ಸೋಮವಾರ ಅಂಥ ಒಂದು ಹಾಡು ಬರುತ್ತಿದ್ದಾಗ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತಿದ್ದರು.

"ಯಾವ ವಾದ್ಯಲೇ ತಮ್ಮಾ ಇದು?"

"ನನ್ನ ಕಡೆ ಐತೆಲ್ರಿ ಕಾಕಾ, ಅದಽ."

"ಸುಳ್ಳ ಹೇಳಬ್ಯಾಡ. ಅದರಾಗೂ ಪೇಟಿಯಂಗ ಹಿತ್ತಾಳಿ ರೀಡ್ ಅದಾವು. ಮೀಂಡ್ ಹೆಂಗ ಬರ್ತದ?"

ಮೀಂಡ್ ಎಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದಂತೆ ಜಾರುವುದು. ಪೇಟಿಯಲ್ಲಿ ಅದು ಸಾಧ್ಯವಿಲ್ಲ. ಈ ಒಂದು ಕೊರತೆಗಾಗಿ ಕಾಕಾ ಅವಮಾನ ನುಂಗಿದವರು. ಪ್ರಾಯದಲ್ಲಿ ಒಬ್ಬ ದೊಡ್ಡ ಗವಾಯಿಗೆ ಸಾಥ್ ಕೊಡಲು ಕೂತಾಗ, ಆತ ತುಂಬಿದ ಸಭೆಯಲ್ಲಿ "ಈ ಡಬ್ಬಿ ಎತ್ತಿ ಒಯ್ರಿ, ಇದಕ್ಕ ಮೀಂಡ್ ಬರೂದಿಲ್ಲ" ಎಂದು ಎಬ್ಬಿಸಿ ಕಳಿಸಿದನಂತೆ. ಅಂದಿನಿಂದ ಭಜನೆ ಬಿಟ್ಟು ಬೇರೆಲ್ಲೂ ಅವರು ಪೇಟಿ ಮುಟ್ಟಿಲ್ಲ. ಅವರು ಅದನ್ನು ಹೇಳಿದಾಗಲೆಲ್ಲ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಹಾಡು ಮುಗಿಯುವವರೆಗೆ ಕಾಕಾ ಕಣ್ಣು ಮುಚ್ಚಿ ಕೇಳಿದರು. "ಇಂವಾ ಊದೂದಿಲ್ಲ ತಮ್ಮಾ, ಉಸಿರು ಒಳಗ ಎಳೀತಾನ. ನಾಳಿ ನನ್ನ ಕೈಗೆ ಕೊಡು" ಎಂದರು.

ವರ್ಷವಿಡೀ ನಾನು ಉಲ್ಟಾ ಊದುತ್ತಿದ್ದೆ!

ಅವ್ವ ಅದಕ್ಕೆ ಸ್ನಾನ ಮಾಡಿಸಿದ್ದು ಈ ಕಾರಣಕ್ಕೆ. ಮಂಗಳವಾರ ಸಂಜೆ ನೀರು ಸೋರುತ್ತಿದ್ದ ಆ ವಾದ್ಯವನ್ನು ಝಾಡಿಸಿ ಕಾಕಾ ಬಾಯಿಗಿಟ್ಟರು. ಉಸಿರು ಎಳೆದರು. ಬರೀ ಗಾಳಿ. ಮತ್ತೆ ಎಳೆದರು. ಕೆಮ್ಮು ಬಂತು. ತುಟಿ ಕಿರಿದು ಮಾಡಿ, ನಾಲಿಗೆ ಹಿಂದಕ್ಕೆಳೆದು ಅರ್ಧ ತಾಸು ಒದ್ದಾಡಿದರು. ಅವ್ವ ನೋಡಿ ನೋಡಿ ಸಾಕಾಗಿ ರೊಟ್ಟಿ ಬಡಿಯಲು ಹೋದಳು.

ಆಗ ಒಂದು ಸ್ವರ ಜಾರಿತು. ಕಡಿಯದೆ ಕೆಳಗಿಳಿದು, ಮೆಲ್ಲಗೆ ಮೇಲೆ ಬಂತು. ಹಿಟ್ಟಿನ ಕೈಯಲ್ಲೇ ಅವ್ವ ಹೊರಗೆ ಓಡಿ ಬಂದಳು. ಕಾಕಾ ಅಳುತ್ತಿದ್ದರು. ನಾನೂ.

ಹುಬ್ಬಳ್ಳಿಯ ರೆಕಾರ್ಡ್ ಅಂಗಡಿಯ ಗೆಳೆಯನೊಬ್ಬ ಆಮೇಲೆ ಹೇಳಿದ: ರಾಕ್ ವಾದಕರಲ್ಲಿ ಕೆಲವರು ಬೇಕಂತಲೇ ಮೌತ್ ಆರ್ಗನ್ನನ್ನು ನೀರಿಗೆ ಅದ್ದುತ್ತಾರಂತೆ. ಕಟ್ಟಿಗೆ ಉಬ್ಬಿ ಗಾಳಿ ಸೋರುವುದಿಲ್ಲ, ಸ್ವರ ಬೇಗ ಬಾಗಿ ಜಾರುತ್ತದೆ. ಎಂಜಲು ಕಳೆಯಲು ಹೋಗಿ ನಮ್ಮವ್ವ ಅವರ ಗುಟ್ಟನ್ನೇ ಹಿಡಿದಿದ್ದಳು! (ಒಣಗಿದ ಮೇಲೆ ಕಟ್ಟಿಗೆ ಸೀಳುತ್ತದೆ ಎಂದೂ ಹೇಳಿದ. ನನ್ನದು ಶುಕ್ರವಾರವೇ ಸೀಳಿತ್ತು. ಹೋಗಲಿ ಬಿಡಿ.)

ರಾಕ್ ಎಂದರೆ ಮೂಗು ಮುರಿಯುವವರು ನಮ್ಮ ಕಡೆ ಬಹಳ. ಖ್ಯಾಲ್ ಗಾಯನ ಕೇಳಿದ ಕಿವಿಗೆ ಈ ಗದ್ದಲ ಯಾಕೆ ಎನ್ನುತ್ತಾರೆ. ಆ ಗದ್ದಲದೊಳಗಿನ ಮೀಂಡ್ ಹಿಡಿದದ್ದು ಯಾರ ಕಿವಿ ಸ್ವಾಮಿ? ಒಳ್ಳೆಯದನ್ನು ಕೇಳಿ ಪಳಗಿದ ಕಿವಿ ಎಲ್ಲಿದ್ದರೂ ಒಳ್ಳೆಯದನ್ನೇ ಹೆಕ್ಕುತ್ತದೆ.

ಶನಿವಾರ ಕಾಕಾ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ತಮ್ಮದೇ ಒಂದು ಮೌತ್ ಆರ್ಗನ್ ತಂದರು. ನಿನ್ನೆ ಸೋಮವಾರದ ಭಜನೆಯಲ್ಲಿ ಪೇಟಿ ಬದಿಗಿಟ್ಟು, ವಚನದ ಒಂದು ಸಾಲನ್ನು ಅದರಲ್ಲಿ ನುಡಿಸಿದರು. ತಾಳ ಹಾಕುವವರು ತಾಳ ಮರೆತು ಕೂತರು.

ಗವಾಯಿ ಹೇಳಿದ್ದು ಖರೆ, ಪೇಟಿಗೆ ಮೀಂಡ್ ಬರೋದಿಲ್ಲ; ಶಂಕ್ರಪ್ಪ ಕಾಕಾಗೆ ಬರುತ್ತದೆ.