ಎಂಜಿನ್ ಮುಂದೆ ಕಟ್ಟಿದ ಕಂಬಳಿ

ನೀವೆಲ್ಲ ಈಗ ಒಂದು ಗುಂಡಿ ಒತ್ತಿ ಗಾಡಿ ಹೊರಡಿಸಿಬಿಡುತ್ತೀರಿ, ಮಕ್ಕಳೇ. ನಾನು ಚಿಕ್ಕವಳಿದ್ದಾಗ ದೊಡ್ಡಉಳ್ಳಾರ್ತಿಯಲ್ಲಿ ನಮ್ಮ ಓಣಿಗೆಲ್ಲ ಇದ್ದದ್ದು ಅಪ್ಪನ ಮೋಟಾರ್ ಸೈಕಲ್ ಒಂದೇ. ಶೇಂಗಾ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ ಅಪ್ಪ, ಚಳ್ಳಕೆರೆಯಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ತಂದಿದ್ದ. ಅದರ ಸದ್ದಿಗೆ ಕಾವಲಿನಲ್ಲಿ ಮೇಯುವ ಕುರಿಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು.

ಒಂದು ಬೇಸಿಗೆಯಲ್ಲಿ ಅವ್ವನ ತವರಿನಿಂದ ಸುದ್ದಿ ಬಂತು. ಜಟಿಂಗ ರಾಮೇಶ್ವರ ಬೆಟ್ಟದ ಕೆಳಗಿನ ಹಳ್ಳಿ ಅದು. ಅಜ್ಜಿಗೆ ಚಳಿಜ್ವರ, ಬಿಡುತ್ತಲೇ ಇಲ್ಲ, ಮಗಳನ್ನು ಕೇಳುತ್ತಿದ್ದಾಳೆ ಎಂದು. ಬೆಳಗಿನ ಬಸ್ಸು ಹೋಗಿಯಾಗಿತ್ತು. ಹಿಂದೆ ಅವ್ವನ ಅಪ್ಪ ತೀರಿಕೊಂಡಾಗ ಅವಳು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು.

"ಅಪ್ಪನ ಮುಖ ನೋಡ್ಲಿಲ್ಲ. ಅವ್ವನ ಮುಖನಾದ್ರೂ ನೋಡಂಗೆ ಮಾಡ್ರಿ" ಎಂದಳು ಅವ್ವ. ಅಪ್ಪ ಗಾಡಿ ಹೊರಗೆ ತೆಗೆದ.

ಅಜ್ಜಿಗೆಂದು ಅವ್ವ ಒಂದು ಹೊಸ ಕರಿ ಕಂಬಳಿ ತೆಗೆದುಕೊಂಡಳು. ಹಿಂದೆ ಅವ್ವ, ಅವಳ ಮಡಿಲಲ್ಲಿ ರೊಟ್ಟಿಯ ಗಂಟು ಮತ್ತು ನೀರಿನ ಚೊಂಬು. ಮುಂದೆ ಟ್ಯಾಂಕಿನ ಮೇಲೆ ನಾನು. ಕಂಬಳಿಗೆ ಜಾಗವಿರಲಿಲ್ಲ. ಅಪ್ಪ ಅದನ್ನು ಎಂಜಿನ್ ಮುಂದಿನ ಕಬ್ಬಿಣದ ಗಾರ್ಡಿಗೆ ಅಗಲವಾಗಿ ಬಿಗಿದ. ನನ್ನ ಕಾಲಿಗೆ ಧೂಳು ಬಡಿಯುವುದಿಲ್ಲ ಎಂದು ಅವನಿಗೆ ಸಮಾಧಾನ ಬೇರೆ.

ಚಳ್ಳಕೆರೆ ದಾಟಿ ಮೊಳಕಾಲ್ಮೂರಿನ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಗಾಡಿ ಏದುಸಿರು ಬಿಡತೊಡಗಿತು. ಸುಟ್ಟ ಆಯಿಲ್ ವಾಸನೆ. ನನ್ನ ತೊಡೆಗೆ ಕೆಂಡದ ಕಾವು. ಗಾಡಿ ನಿಂತೇಹೋಯಿತು. ಅಪ್ಪ ಆಯಿಲ್ ನೋಡಿದ, ಇತ್ತು. ಹಿಂದಿನ ಚಕ್ರ ಎತ್ತಿ ತಿರುಗಿಸಿದ, ಬ್ರೇಕು ಹಿಡಿದುಕೊಂಡಿರಲಿಲ್ಲ. ಆರಿದ ಮೇಲೆ ಪ್ಲಗ್ ಬಿಚ್ಚಿ ಒರೆಸಿ ಹಾಕಿದ. ಹೊರಟೆವು. ಮತ್ತೆ ನಿಂತಿತು.

"ಚೊಂಬಿನ ನೀರು ಹುಯ್ಯಲೇನ್ರಿ?"

"ಬ್ಯಾಡ ಬ್ಯಾಡ! ಕಾದ ಕಬ್ಬಿಣ, ಸೀಳು ಬಿಡ್ತೈತೆ."

ಜಾಲಿಮರದ ಚೂರು ನೆರಳಲ್ಲಿ ಕೂತೆವು. ನಾನು ಸಜ್ಜೆ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ, ಕಲ್ಲಾಟ ಆಡಿದೆ. ಅವ್ವ ತುತ್ತು ಮುಟ್ಟಲಿಲ್ಲ. ದಾರಿಯನ್ನೇ ನೋಡುತ್ತಿದ್ದವಳು ಎದ್ದು ನಿಂತಳು.

"ನಾನು ನಡ್ಕಂಡೇ ಹೋಗ್ತೀನಿ."

"ಸಂಜಿ ತನಕ ನಡದ್ರೂ ಮುಟ್ಟಲ್ಲ. ಕುಂದ್ರು" ಎಂದ ಅಪ್ಪ. ಅವನ ದನಿಯೂ ಸೋತಿತ್ತು.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ ನಮ್ಮನ್ನು ನೋಡಿ ನಕ್ಕ.

"ಏನಪ್ಪಾ ಸಾವ್ಕಾರ, ಗಾಡಿಗೆ ಚಳಿ ಆಗತೈತೇನು? ಇಂಥಾ ಬಿಸ್ಲಾಗೆ ಕಂಬ್ಳಿ ಹೊದ್ಸಿದೀಯ!"

"ನಗಬ್ಯಾಡ ತಾತ, ಇಲ್ಲಿ ಹೊಟ್ಟೆ ಉರಿತೈತೆ" ಎಂದು ಸಿಡುಕಿದ ಅಪ್ಪ ಥಟ್ಟನೆ ಗಾಡಿಯತ್ತ ತಿರುಗಿದ. ಬಗ್ಗಿ, ಕಂಬಳಿಯ ಹಿಂಬದಿಗೆ ಕೈ ತೂರಿಸಿ ಸರಕ್ಕನೆ ಎಳೆದುಕೊಂಡ. "ಥತ್! ಗಾಳಿನೇ ಆಡ್ತಿಲ್ಲ ಇದ್ರಾಗೆ!"

ಓಡುವಾಗ ಎದುರು ಗಾಳಿ ಬಡಿದರೇ ಆ ಎಂಜಿನ್ ತಣಿಯುವುದು. ನಾವು ಅದಕ್ಕೆ ಗೋಡೆ ಕಟ್ಟಿದ್ದೆವು.

"ಕಂಬ್ಳಿ ನನ್ತಾವ ಬಿಟ್ಟೋಗ್ರಿ, ಬರೋವಾಗ ಇಸ್ಕಳ್ರಿ" ಎಂದ ಮುದುಕ.

"ನಮ್ಮವ್ವ ನಡುಗ್ತಾ ಮಲಗೈತೆ" ಎನ್ನುತ್ತ ಅವ್ವ ಕಂಬಳಿಯನ್ನು ತಲೆಯಿಂದ ಕೊಪ್ಪೆ ಹಾಕಿ ಹೊದ್ದು ಹಿಂದೆ ಕೂತಳು. ನೆತ್ತಿ ಸುಡುವ ಬಿಸಿಲಿನಲ್ಲಿ. ಗಾಡಿ ಮತ್ತೆ ನಿಲ್ಲಲಿಲ್ಲ. ಬೆಟ್ಟ ಕಾಣುವ ಹೊತ್ತಿಗೆ ಅವ್ವನ ಸೀರೆ ಬೆವರಿಗೆ ಮೈಗಂಟಿತ್ತು. ಅಪ್ಪನ ತೋಳಿನಡಿಯಿಂದ ಹಣಕಿದರೆ, ಸಾಕಾಗಿ ಅವನ ಬೆನ್ನಿಗೆ ಹಣೆ ಆನಿಸಿಬಿಟ್ಟಿದ್ದಳು. ನಾನು ಅವಳನ್ನು ಹಾಗೆ ಕಂಡದ್ದು ಅದೊಂದೇ ಸಲ.

ಅಜ್ಜಿ ಮೂಲೆಯಲ್ಲಿ ಮುದುಡಿ ನಡುಗುತ್ತಿದ್ದಳು. ಅವ್ವ ಕಂಬಳಿ ತೆಗೆದು ಹಾಗೇ ಅವಳಿಗೆ ಹೊದಿಸಿದಳು. ಅಜ್ಜಿ ಕಣ್ಣು ತೆರೆಯಲಿಲ್ಲ.

"ಯಾರು, ಗಂಗೀನೇನೇ?"

"ಹೂಂ ಕಣವ್ವ."

"ಬೆಚ್ಚಗೈತೆ ಕಣೇ."

ಆ ವಾರವೇ ಅಜ್ಜಿ ಹೋದಳು, ಮಗಳ ತೊಡೆಯ ಮೇಲೆ ತಲೆಯಿಟ್ಟು.

ಈಗ ಆ ದಾರಿ ನುಣ್ಣಗಾಗಿದೆ. ನಿಮ್ಮ ಗಾಡಿಗಳು ಕಾಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ನಿಮ್ಮ ತಾತ ಹೋದ ಮೇಲೆ ನನಗೂ ಒಮ್ಮೊಮ್ಮೆ ಯಾರ ಹತ್ತಿರವಾದರೂ ಹೀಗೆ ಹೋಗಬೇಕೆನಿಸುತ್ತದೆ. ಕೇಳಿದರೆ ನೀವು ಕೂಡಲೇ ಕರೆದುಕೊಂಡು ಹೋಗುತ್ತೀರಿ, ಗೊತ್ತು. ಆದರೆ ಎಲ್ಲಿಗೆ ಎಂದು ಹೇಳಲಿ? ನೀವು 'ಅಜ್ಜಿ' ಎನ್ನುತ್ತೀರಿ, ನಿಮ್ಮ ಅಪ್ಪ 'ಅವ್ವ' ಎನ್ನುತ್ತಾನೆ. ನನ್ನ ಹೆಸರು ಹಿಡಿದು ಕೂಗುವವರು ಈಗ ಒಬ್ಬರೂ ಉಳಿದಿಲ್ಲ.