ಬೇಸಿಗೆಗೆ ಬಿಟ್ಟುಕೊಟ್ಟ ಅಡುಗೆಮನೆ

ಸೌದಿಯ ದಕ್ಷಿಣ ಭಾಗದಲ್ಲಿರುವ ಅಬಹಾ, ಗುಡ್ಡದ ಮೇಲಿನ ತಂಪು ಊರು. ಎಂಬತ್ತರ ದಶಕದಲ್ಲಿ ಸರ್ಕಾರ ಅಲ್ಲಿಗೆ ರಸ್ತೆ ಮಾಡಿತು, ಬೆಟ್ಟದ ಅಂಚಿನಲ್ಲಿ ದೊಡ್ಡ ಪಾರ್ಕು ಮಾಡಿತು, ಸೆಕೆಯಲ್ಲಿ ಬೇಯುವವರೆಲ್ಲ ಬನ್ನಿ ಎಂದು ಕರೆಯಿತು. ಬಂದರು. ನನ್ನ ಗಂಡ ದುಡಿಯುತ್ತಿದ್ದ ದಿನಸಿ ಅಂಗಡಿಯಲ್ಲಿ ಬೇಸಿಗೆ ಪೂರ್ತಿ ಉಸಿರಾಡಲು ಪುರುಸೊತ್ತಿಲ್ಲ. ಅಲ್ಲಾಹನ ದಯೆ, ನಮ್ಮ ಅನ್ನ ಆ ಜನರಿಂದಲೇ ಬಂತು. ಆದರೂ ಹೇಳಿಬಿಡುತ್ತೇನೆ, ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು.

ಶಾಲೆಗಳಿಗೆ ರಜೆ ಸಿಕ್ಕಿದ ಕೂಡಲೇ ಮನೆಯ ಮಾಲೀಕ ನಾವಿದ್ದ ಕೆಳಮನೆಯನ್ನು ರಿಯಾದಿನ ಒಂದು ಕುಟುಂಬಕ್ಕೆ ಕೊಡುತ್ತಿದ್ದ. ನಾವು ತಾರಸಿಯ ಒಂಟಿ ಕೋಣೆಗೆ. ನಾನು ತಿಕ್ಕಿ ತೊಳೆದ ಅಡುಗೆಮನೆಯಲ್ಲಿ ಬೇರೊಬ್ಬಳು ಏಲಕ್ಕಿ ಹಾಕಿ ಕಾಫಿ ಕುದಿಸುತ್ತಿದ್ದಳು. ಅದನ್ನಾದರೂ ಸಹಿಸಬಹುದು. ದಿನಾ ಸಂಜೆಯ ಅಸರ್ ನಮಾಝ್ ಮುಗಿಯುತ್ತಲೇ ಅವಳು ಚಾಪೆ, ಫ್ಲಾಸ್ಕು, ಮಕ್ಕಳನ್ನೆಲ್ಲ ಕಾರಿಗೆ ತುಂಬಿ ಪಾರ್ಕಿಗೆ ಹೊರಡುವುದನ್ನು ಮೇಲಿನಿಂದ ನೋಡುತ್ತ ನಿಲ್ಲಬೇಕಲ್ಲ! ಮೂರು ವರ್ಷ ಆ ಊರಲ್ಲಿದ್ದರೂ ನಾನು ಪಾರ್ಕು ಕಂಡಿರಲಿಲ್ಲ.

"ಈ ಶುಕ್ರವಾರ ಆದ್ರೂ ನಾವು ಹೋಗುವಾ?" ಎಂದು ಗಂಡನನ್ನು ಕೇಳಿದರೆ ಉತ್ತರ ಒಂದೇ. "ಜನ ಇರುವಾಗ ಅಂಗಡಿ ಮುಚ್ಚಿದ್ರೆ ವೀಸಾ ಕೊಟ್ಟ ಕಫೀಲ್ ನನ್ನನ್ನು ಊರಿಗೇ ಕಳಿಸ್ತಾನೆ ಮಾರಾಯ್ತಿ. ಗುಡ್ಡ ಎಲ್ಲಿಗೆ ಓಡಿ ಹೋಗ್ತದೆ?"

ಒಂದು ದಿನ ಆ ಹೆಂಗಸೇ ಮೆಟ್ಟಿಲು ಹತ್ತಿ ಬಂದಳು. "ತಆಲಿ, ಉಖ್ತಿ," ಬಾ ತಂಗಿ, ಎಂದು ಕಾರಿನ ಕಡೆ ಕೈ ತೋರಿಸಿದಳು. ನಾನು ತುದಿಗಾಲಲ್ಲಿದ್ದೆ. ನಾಲಗೆ ಮಾತ್ರ ತಲೆನೋವು ಎಂದಿತು. ನನ್ನ ಮನೆಯಲ್ಲಿ ಕೂತವಳ ಕಾರಿನಲ್ಲಿ ನಾನು ಹೋಗಿ ಕೂರಬೇಕೆ? ಅವಳು ನನ್ನ ಮಗಳನ್ನು ಕರೆದುಕೊಂಡು ಹೋದಳು.

"ಉಮ್ಮಾ, ಮೋಡ ನಮ್ಮ ಕಾಲಿನ ಕೆಳಗೆ ಇತ್ತು! ಕಣಿವೆ ನೋಡಿದ್ರೆ ತಲೆ ತಿರುಗ್ತದೆ! ನಿಮ್ಮ ತಲೆನೋವು ಹೋಯ್ತಾ?" ಎನ್ನುತ್ತ ಮಗಳು ಓಡಿ ಬಂದಾಗ, ಹೆತ್ತ ಕೂಸಿನ ಮೇಲೂ ಅಸೂಯೆಯಾಯಿತು. ರಾತ್ರಿ ಇಶಾ ನಮಾಝಿನಲ್ಲಿ ಕ್ಷಮೆ ಕೇಳಿದೆ. ಇನ್ನೊಮ್ಮೆ ಕರೆದರೆ ಹೋಗಿಯೇ ಬಿಡುವುದೆಂದು ಕಾದೆ. ಅವಳು ಮತ್ತೆ ಕರೆಯಲಿಲ್ಲ, ಪಾಪ, ತಲೆನೋವಿನ ಮಾತ್ರೆ ಕಳಿಸಿದಳು.

ರಜೆ ಮುಗಿದು ಅವರೆಲ್ಲ ಹೋದ ಮೇಲೆ ಅಂಗಡಿ ಬಿಕೋ ಎನ್ನತೊಡಗಿತು. ಆಗ ಗಂಡ ನನ್ನನ್ನು ಪಾರ್ಕಿಗೆ ಕರೆದೊಯ್ದರು. ಚಳಿ ಶುರುವಾಗಿತ್ತು. ಮಂಜು ಎಷ್ಟೆಂದರೆ ಪಕ್ಕದ ಬೆಂಚೂ ಕಾಣುತ್ತಿರಲಿಲ್ಲ.

"ಎಂತ ಉಂಟು ಇಲ್ಲಿ ನೋಡ್ಲಿಕ್ಕೆ?" ಎಂದರು.

"ಸುಮ್ನೆ ಕೂತ್ಕೊಳ್ಳಿ," ಎಂದೆ.

ಕಟ್ಟಿಕೊಂಡು ಹೋದ ಅಕ್ಕಿರೊಟ್ಟಿ ತಿಂದೆವು. ಗಂಡ ತಮ್ಮ ಶಾಲು ತೆಗೆದು ನನಗೆ ಹೊದೆಸಿದರು. ಅಲ್ಹಮ್ದುಲಿಲ್ಲಾಹ್, ಅದು ಸಣ್ಣ ದಯೆಯಲ್ಲ. ಆದರೆ ಅವಳಿಗೆ ದಿನಾ ಕಂಡ ಕಣಿವೆ ನನಗೆ ಒಂದು ಸಲವೂ ಕಾಣಲಿಲ್ಲವಲ್ಲ ಎಂಬ ಉರಿ, ಸುಳ್ಳು ಯಾಕೆ ಹೇಳಲಿ, ಶಾಲಿನೊಳಗೂ ಇತ್ತು.